ಗಂಗಮ್ಮನಿಗೆ ಒಪ್ಪಿಸಿದ ಮಗು

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ವಿದ್ಯುತ್ ಮೋಟಾರು ಕಾರ್ಖಾನೆಯೊಂದರ ಶಿಶುಪಾಲನಾ ಕೇಂದ್ರಕ್ಕೆ ನಾನು ಸೂಪರ್‌ವೈಸರ್. ಎಲ್ಲ ಆಯಾಗಳೂ ಎಲ್ಲ ಮಕ್ಕಳನ್ನು ನೋಡಿಕೊಳ್ಳುವುದೆಂದರೆ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. ಒಂದೊಂದು ಮಗುವನ್ನೂ ಒಬ್ಬೊಬ್ಬ ಆಯಾಳಿಗೆ ಒಪ್ಪಿಸಿದೆ. ಊಟ, ನಿದ್ದೆ, ಅಳು ಎಲ್ಲಕ್ಕೂ ಅವಳೇ ಹೊಣೆ. ಬಾಗಲಗುಂಟೆಯಿಂದ ಕಾರ್ಖಾನೆಯ ಕೆಲಸಕ್ಕೆ ಬರುತ್ತಿದ್ದ ಸರೋಜಳ ಪುಟ್ಟ ಮಗಳು ಮಂಜು, ಗಂಗಮ್ಮನ ಪಾಲಿಗೆ ಬಂದಳು. ಗಂಗಮ್ಮ ಪೀಣ್ಯದ ಹಳೇ ಊರಿನವಳು. ಅವಳಿಗೆ ಮಕ್ಕಳಿರಲಿಲ್ಲ.

ತಿಂಗಳು ತುಂಬುವ ಮೊದಲೇ ಸರೋಜ ನನ್ನ ಮೇಜಿನ ಮುಂದೆ ನಿಂತಳು. "ಸಂಜೆ ಕೈ ಚಾಚಿದ್ರೆ ಮಗು ನನ್ ಹತ್ರ ಬರಲ್ಲ ಮೇಡಂ. ಮುಖ ತಿರುಗಿಸ್ಕೊಂಡು ಅವಳನ್ನೇ ತಬ್ಕೊಳುತ್ತೆ. ಆಯಮ್ಮ ಅನ್ನದಲ್ಲಿ ಮದ್ದು ಹಾಕ್ತಿದಾಳೆ. ಬೇರೆಯವ್ರಿಗೆ ಕೊಡಿ, ಇಲ್ದಿದ್ರೆ ಕೆಲಸ ಬಿಡ್ತೀನಿ." ಅವಳ ಗಂಡ ದುಡಿಯುತ್ತಿದ್ದ ಕಾರ್ಖಾನೆಗೆ ಆಗಲೇ ಬೀಗ ಬಿದ್ದು, ಮನೆ ಇವಳ ಸಂಬಳದಲ್ಲೇ ನಡೆಯುತ್ತಿತ್ತು.

ಮದ್ದೂ ಇಲ್ಲ ಮಣ್ಣೂ ಇಲ್ಲ ಎಂದು ಗದರಿ ಕಳಿಸಿದೆ. ಆದರೆ ಅನುಮಾನ ನನಗೂ ಅಂಟಿಕೊಂಡಿತು. ನನ್ನ ಬುದ್ಧಿಯೇ ಅಂಥದ್ದು. ಗಂಗಮ್ಮನ ಸೆರಗಿನ ಗಂಟು ಬಿಚ್ಚಿಸಿದೆ. ಎಲೆ, ಅಡಿಕೆ ಅಷ್ಟೆ. ಮಗುವಿಗೆ ಕಲಸಿದ ಅನ್ನವನ್ನು ನಾನೇ ತಿಂದು ನೋಡಿದೆ. ಅವಳು ಗಂಟನ್ನು ಮತ್ತೆ ಬಿಗಿದು ಮಗುವಿನ ಬಾಯಿ ಒರೆಸಿದಳು. ಆ ನೆಮ್ಮದಿಯ ಮೇಲೂ ನನಗೆ ಸಂಶಯ.

"ಮನೇಲಿ ಹೇಗಿರ್ತಾಳೆ?" ಎಂದು ಸರೋಜಳನ್ನು ಕೇಳಿದೆ.

"ಭಾನುವಾರ ನನ್ನ ಒಂದ್ ನಿಮಿಷಾನೂ ಬಿಟ್ಟಿರಲ್ಲ ಮೇಡಂ. ಬಚ್ಚಲಿಗೂ ಹಿಂದೇನೇ ಬರ್ತಾಳೆ."

ಹಾಗಾದರೆ ಮದ್ದಿಗೂ ಭಾನುವಾರ ರಜವೇ? ಆ ಸಂಜೆ ಬಾಗಿಲಲ್ಲಿ ಕಾದು ನಿಂತೆ. ಪಾಳಿ ಮುಗಿಸಿದ ಸರೋಜ ನೇರ ಬಂದು ಮಗುವಿನತ್ತ ಬಗ್ಗಿದಳು. ಅವಳ ಸೀರೆಯ ಘಾಟಿಗೆ ಪಕ್ಕದಲ್ಲಿದ್ದ ನನಗೇ ಮೂಗು ಉರಿಯಿತು. ಆ ತಿಂಗಳಷ್ಟೇ ಅವಳನ್ನು ತಂತಿಸುರುಳಿಗಳನ್ನು ವಾರ್ನಿಷಿನಲ್ಲಿ ಅದ್ದುವ ಕೆಲಸಕ್ಕೆ ಹಾಕಿದ್ದರು.

ಮರುದಿನ ಸೋಪು ಹಾಕಿ ಕೈ ಮುಖ ತೊಳೆದು, ಸೀರೆ ಬದಲಿಸಿ ಬರಲು ಹೇಳಿದೆ. ಮಂಜು ಓಡಿಬಂದು ತಾಯಿಯ ಕೊರಳಿಗೆ ಜೋತುಬಿದ್ದಳು. ಸರೋಜ ಅಳುತ್ತಲೇ ನಕ್ಕಳು.

ಅವರು ಹೋದ ಮೇಲೆ ಗಂಗಮ್ಮ ಬಂದಳು. "ನನ್ನ ಅಡುಗೆಮನೆಗೆ ಆಕ್ಬಿಡಿ ಅಮ್ಮಾವ್ರೆ. ಪಾತ್ರೆ ತಿಕ್ಕೋಳ ಸೆರಗ ಯಾರೂ ಇಂಗೆ ಬಿಚ್ಚಿಸಿ ನೋಡಾಕಿಲ್ಲ." ಅವಳು ಕೇಳಿದ ಹಾಗೆಯೇ ಮಾಡಿದೆ.

ಸೋಮವಾರ ಸರೋಜ ಅಡುಗೆಮನೆಗೇ ಹೋಗಿ ಮಗುವನ್ನು ಗಂಗಮ್ಮನ ಮಡಿಲಲ್ಲಿ ಕೂರಿಸಿದಳು. "ತಗೊಳಿ ಅಕ್ಕ. ನೀವಿಲ್ದಿದ್ರೆ ಉಣ್ಣಲ್ಲ ಇವಳು." ಆದರೂ ಬಾಗಿಲು ದಾಟುವಾಗ ಒಮ್ಮೆ ತಿರುಗಿ, ಅನ್ನ ಕಲಸುವ ಆ ಕೈಗಳನ್ನೇ ದಿಟ್ಟಿಸಿದಳು. ಗಂಗಮ್ಮ ಅದನ್ನು ಕಂಡಳು.

"ನೋಡ್ಲಿ ಬಿಡಿ," ಎಂದಳು ಪಕ್ಕದಲ್ಲಿ ನಿಂತಿದ್ದ ನನಗೆ. "ತಾಯಿ ಅಲ್ವಾ."

ಅಲ್ಲಿಂದಾಚೆ ಹೊಸ ಮಗು ಬಂದಾಗಲೆಲ್ಲ ತಾಯಿಯನ್ನೂ ಆಯಾಳನ್ನೂ ಒಂದು ದಿನ ಜೊತೆಗೆ ಕೂರಿಸಿ ಮಗುವಿಗೆ ಉಣಿಸಲು ಹೇಳುತ್ತಿದ್ದೆ. ಮಗುವನ್ನು ಒಪ್ಪಿಸುವ ಅಧಿಕಾರ ನನಗಿತ್ತು. ನಂಬಿಕೆಯನ್ನು ಒಪ್ಪಿಸುವುದು ಅವರಿಬ್ಬರಿಗೇ ಬಿಟ್ಟದ್ದಾಗಿತ್ತು.