ತಮ್ಮ ವಿಧೇಯ

ಎಂಬತ್ತರ ದಶಕದ ಕೊನೆಯಲ್ಲಿ ರಾಯಚೂರಿನ ನಮ್ಮ ಮಳೆ ಲೆಕ್ಕದ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೆ ತಂಪು ಕೋಣೆ, ನಮಗೆ ತಿರುಗದ ಫ್ಯಾನು. ಚಪ್ಪಲಿ ಹೊರಗೆ ಬಿಟ್ಟೇ ಅದರ ದರ್ಶನ ಪಡೆಯಬೇಕಿತ್ತು. ಅಂಕಿಅಂಶಕ್ಕೆಂದೇ ಇದ್ದ ಅದರ ಭಾಷೆ ಕಲಿಯಲು ಇಬ್ಬರು ಹಂಗಾಮಿ ನೌಕರರನ್ನು ಹಚ್ಚಿದರು: ದೇವದುರ್ಗದ ನಾನು, ಮಾನ್ವಿಯ ಒಬ್ಬ ಹುಡುಗಿ. ಕಾಯಂ ಹುದ್ದೆ ಇದ್ದದ್ದು ಒಂದೇ. ಯಾರ ಕೆಲಸ ಚೆನ್ನಾಗಿದೆಯೋ ಅವರಿಗೆ ಎಂದರು ಸಾಹೇಬರು.

ತಾಲ್ಲೂಕಿನ ಮಳೆಯ ಸರಾಸರಿ ತೆಗೆಯುವ ಫಂಕ್ಷನ್ ಬರೆಯಬೇಕಿತ್ತು. ಫಂಕ್ಷನ್ ಎಂದರೆ ಕೊಟ್ಟ ಅಂಕಿಗಳನ್ನು ತಗೊಂಡು ಒಳಗೇ ದುಡಿದು ಉತ್ತರ ತಂದುಕೊಡುವ ಆಳು. ನಾನೋ ಸರ್ಕಾರಿ ಪತ್ರ ಬರೆದು ಪಳಗಿದ ಕೈ. ಸರಾಸರಿ ತೆಗೆದಾದ ಮೇಲೆ ಒಂದಿಷ್ಟು ಮರ್ಯಾದೆ ಬೇಡವೇ ಎಂದು ಕೊನೆಯ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ, ‘ತಮ್ಮ ವಿಧೇಯ’ ಎಂದು ಸೇರಿಸಿದೆ.

ಸಾಹೇಬರ ಎದುರು ಓಡಿಸಿದೆ. ದೇವದುರ್ಗದ ಮಳೆ: ತಮ್ಮ ವಿಧೇಯ. ಮಾನ್ವಿಯ ಮಳೆ: ತಮ್ಮ ವಿಧೇಯ.

“ನಾ ಮಳಿ ಕೇಳಿದ್ರ ಇದು ಸಲಾಮ್ ಹೊಡ್ಯಾಕತ್ತದಲ್ರೀ,” ಎಂದು ಸಾಹೇಬರು ಎದ್ದು ಹೋದರು.

ಹುಡುಗಿ ನಗಲಿಲ್ಲ. “ಅಣ್ಣಾರ, ಒಳಗ ಎಷ್ಟರ ದುಡೀಲಿ, ಅದು ಹೊರಗ ಕೊಡೋದು ಕಡೀ ಸಾಲಿಂದಷ್ಟ. ಉಳಿದದ್ದೆಲ್ಲಾ ಮರ್ತುಬಿಡ್ತದ,” ಎಂದು ನನ್ನ ವಿನಯವನ್ನು ಅಳಿಸಿ, ಸರಾಸರಿಯನ್ನು ಕೊನೆಗೆ ಇಳಿಸಿದಳು. ಉತ್ತರ ಸರಿ ಬಂತು. ಮುಂದಿನ ಒಂದು ವಾರ ಕೂತು ಎಲ್ಲ ತಾಲ್ಲೂಕುಗಳ ಲೆಕ್ಕವನ್ನೂ ಅವಳೇ ಮುಗಿಸಿದಳು. ನಾನೂ ಸುಮ್ಮನೆ ಕೂರಲಿಲ್ಲ, ದಿನಾ ಮಿರ್ಚಿ ಭಜಿ ತರಿಸಿದೆ.

ವರದಿಯ ಜೊತೆ ಒಂದು ಪತ್ರ ಬೇಕಲ್ಲ? ಅದು ನನ್ನ ವಿದ್ಯೆ. ಅಂದವಾಗಿ ಬರೆದು, ಕೊನೆಯಲ್ಲಿ ‘ತಮ್ಮ ವಿಧೇಯ’ ಎಂದು ನನ್ನ ಸಹಿ ಹಾಕಿದೆ. ಅವಳ ಹೆಸರು ಎಲ್ಲೂ ಇರಲಿಲ್ಲ. ಬರೆಯಲು ಮರೆತೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮರೆತಿರಲಿಲ್ಲ.

ಸಾಹೇಬರು ಸಹಿ ನೋಡಿ ಕೆಲಸವೂ ನನ್ನದೇ ಎಂದುಕೊಂಡರು. ಕಾಯಂ ಆದೇಶ ನನ್ನ ಹೆಸರಿಗೆ ಬಂತು, ಅವಳ ಹಂಗಾಮಿ ಕೆಲಸ ಮುಗಿಯಿತು. ಮಾನ್ವಿ ಬಸ್ಸಿಗೆ ಹೊರಟವಳು ನನ್ನ ಮೇಜಿನ ಹತ್ತಿರ ನಿಂತಳು.

“ಭಾಷಾ ಛಲೋ ಕಲ್ತ್ರಿ, ಅಣ್ಣಾರ. ಕಡೀ ಸಾಲು ನಿಮ್ದಾತಲ್ಲ.”

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದೇಶವನ್ನು ಮಾತ್ರ ವಾಪಸ್ ಕೊಡಲಿಲ್ಲ.