ಮೇಲಿನ ತೂತಿಗೆ ತುರುಕಿದ ಬಟ್ಟೆ

ನಾರಾಯಣಖೇಡದ ಕಾಶಿನಾಥ ಇನ್ವರ್ಟರ್ ಬ್ಯಾಟರಿ ಕೂರಿಸಿದ ಮನೆಗಳಲ್ಲಿ ಅವನ ಕೆಲಸಕ್ಕಿಂತ ಅವನ ಬೈಗುಳವೇ ಹೆಚ್ಚು ಪ್ರಸಿದ್ಧ. ಚಾರ್ಜ್ ಆಗುವಾಗ ಬ್ಯಾಟರಿ ಗ್ಯಾಸ್ ಬಿಡುತ್ತದೆ, ಅದು ಮೇಲಕ್ಕೇರಿ ಕೂಡುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಬ್ಯಾಟರಿ ಇಡುವ ಗೂಡಿಗೆ ಕೆಳಗೊಂದು, ಮೇಲೊಂದು ತೂತು ಬಿಡಿ, ಹತ್ತಿರ ಬೀಡಿ ಸೇದಬೇಡಿ ಎಂದು ಹನ್ನೊಂದು ವರ್ಷದಿಂದ ಗದರಿಸುತ್ತ ಬಂದಿದ್ದ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ತನ್ನ ಮನೆಗೆ ಬ್ಯಾಟರಿ ತಂದದ್ದು ಈ ವರ್ಷ, ಮೆಟ್ಟಿಲ ಕೆಳಗಿನ ಗೂಡಿಗೆ. ಹೋದ ತಿಂಗಳು ಬೀಗರು ಬಂದಾಗ ಬ್ಯಾಟರಿಯ ಹುಳಿ ವಾಸನೆ ಬಡಿಯದಿರಲೆಂದು ಮೇಲಿನ ತೂತಿಗೆ ಹಳೆ ಧೋತರದ ತುಂಡು ತುರುಕಿದ್ದ. ಬೀಗರು ಹೋದರು. ಬಟ್ಟೆ ತೆಗೆಯುವುದು ಮರೆತೇಹೋಯಿತು.

ನೆನಪಾದದ್ದು ಮನೆಯ ಆಯುಧ, ಯಂತ್ರಗಳಿಗೆಲ್ಲ ಪೂಜೆ ಮಾಡುವ ಖಂಡೆಪೂಜೆಯ ದಿನ, ಕಂಗ್ಟಿಯಲ್ಲಿ ಗಿರಾಕಿ ತುಳಸಿರಾಮನ ಮನೆಗೆ ಊಟಕ್ಕೆ ಹೋದಾಗ. ಮನೆಯಾಕೆ ಹೊಲಿಗೆ ಮಷಿನ್ನಿಗೆ ವಿಭೂತಿ ಹಚ್ಚಿ, ಮುಂದೆ ದೀಪವಿಟ್ಟು, ಗಾಳಿಗೆ ಆರದಿರಲೆಂದು ಕಿಟಕಿ ಮುಚ್ಚಿದಳು. ಕಾಶಿನಾಥನಿಗೆ ತನ್ನ ಮನೆಯ ಗೂಡು ಕಣ್ಮುಂದೆ ಬಂತು. ಹೆಂಡತಿ ಪ್ರೇಮಲಾ ಇಂದು ಬ್ಯಾಟರಿಗೂ ಪೂಜೆ ಮಾಡುತ್ತಾಳೆ. ಗೂಡಿನೊಳಗೆ ದೀಪವಿಟ್ಟು ಬಾಗಿಲು ಮುಚ್ಚಿದರೆ?

ಫೋನ್ ಮಾಡಿದ, ಎತ್ತಲಿಲ್ಲ. ಐದು ಸಲ ಮಾಡಿದ. ಎಲೆಯ ಮುಂದಿನಿಂದ ಎದ್ದವನೇ ಜೀವ ಕೈಯಲ್ಲಿ ಹಿಡಿದುಕೊಂಡು ಬೈಕು ಓಡಿಸಿದ. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಊರವರಿಗೆ ಬೈದಷ್ಟು ಬೈಗುಳ ಸಾಲಲಿಲ್ಲ.

ಮನೆಯಲ್ಲಿ ಊದುಬತ್ತಿಯ ವಾಸನೆ. ಗೂಡಿನ ಬಾಗಿಲು ಮುಚ್ಚಿತ್ತು. ಹಿಡಿಕೆಗೆ ಕೈ ಹಾಕಿದ. ಅಷ್ಟರಲ್ಲಿ ಹಿತ್ತಲಿನಿಂದ ಪ್ರೇಮಲಾ ಬಂದಳು. ಅವನ ಮುಖ ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು.

“ದೀಪ ಅಂಗಳದಾಗ ಇಟ್ಟೀನಿ, ಬ್ಯಾಟರಿಗಿ ಬರೇ ವಿಭೂತಿ. ಆ ಬಟ್ಟಿ ಬೀಗರು ಹೋದ ದಿನಾನೇ ಕಿತ್ತ ಒಗದೀನಿ. ನೀವು ಊರ ಮಂದಿಗಿ ಬೈಯೂದು ನಾ ಕೇಳಿಲ್ಲೇನ್ರಿ?”

ತನ್ನ ಫೋನಿಗೂ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದಳು. ಪೂಜೆಗಿಟ್ಟದ್ದನ್ನು ಸಂಜೆಯವರೆಗೆ ಮುಟ್ಟುವಂತಿಲ್ಲ. ಕಾಶಿನಾಥ ಮೆಟ್ಟಿಲ ಮೇಲೆ ಕೂತ. ನಗು ಬಂತು, ಕಣ್ಣೂ ತುಂಬಿತು. ಪ್ರೇಮಲಾ ನೀರು ತಂದುಕೊಟ್ಟು ಮೆಲ್ಲಗೆ ಕೇಳಿದಳು:

“ಮಂದಿಗಿ ಬೀಡಿ ಸೇದಬ್ಯಾಡ್ರಿ ಅಂತ ಹೇಳೀರಿ. ದೀಪ ಇಡಬ್ಯಾಡ್ರಿ ಅಂತ ಹೇಳೀರೇನ್ರಿ?”

ಹೇಳಿರಲಿಲ್ಲ. ಒಬ್ಬರಿಗೂ ಹೇಳಿರಲಿಲ್ಲ. ದೇವರ ದೀಪವೂ ಬೆಂಕಿಯೇ ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ನೀರಿನ ಲೋಟ ಕೆಳಗಿಟ್ಟು, ಗಿರಾಕಿಗಳ ಪಟ್ಟಿ ತೆಗೆದು, ಮೊದಲನೆಯ ನಂಬರು ಒತ್ತಿದ. ರಿಂಗ್ ಆಯಿತು, ಆಗುತ್ತಲೇ ಇತ್ತು. ಆ ಮನೆಯ ಫೋನೂ ಜಗಲಿಯ ಮೇಲಿರಬೇಕು.