ಹುಳಿಮಾವಿನ ತಾತ ಮತ್ತು ನಮ್ಮ ಇನ್‌ಚಾರ್ಜ್ ಸಿಸ್ಟರ್

ನರ್ಸಿಂಗ್ ಓದು ಮುಗಿಸಿದ ಮೇಲೆ ನಾನು ಮೊದಲು ಕೆಲಸಕ್ಕೆ ಸೇರಿದ್ದು ಜಯನಗರದ ಒಂದು ಆಸ್ಪತ್ರೆಗೆ. ತೀರ ದೊಡ್ಡದಲ್ಲ, ನರ್ಸಿಂಗ್ ಹೋಮ್ ಎನ್ನುವಷ್ಟು ಚಿಕ್ಕದೂ ಅಲ್ಲ. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು, ಯೂನಿಫಾರ್ಮ್ ಹಾಕಿಕೊಂಡು, ಮೂಳೆ ಆಪರೇಷನ್ ಆದವರ ವಾರ್ಡಿಗೆ ಹೋಗುತ್ತಿದ್ದೆ. ಆ ವಾರ್ಡು ಇನ್‌ಚಾರ್ಜ್ ಸಿಸ್ಟರ್ ಒಬ್ಬರ ಕೈಯಲ್ಲಿತ್ತು. ಅವರು ವಿಲ್ಸನ್ ಗಾರ್ಡನ್‌ನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ವಾರ್ಡಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಐವತ್ತು ದಾಟಿತ್ತು, ಮಂಡಿ ನೋವಿತ್ತು. ಆದರೂ ರೋಗಿಯ ಜೊತೆ ಮಾತಾಡುವಾಗ ಬಗ್ಗಿ, ತಮ್ಮ ಮುಖ ಅವರ ಮುಖದ ಮಟ್ಟಕ್ಕೆ ಬಂದ ಮೇಲೆಯೇ ಬಾಯಿ ತೆರೆಯುತ್ತಿದ್ದರು.

ಬೆಳಿಗ್ಗೆ ಬಂದವರೇ ಪ್ರತಿ ಮಂಚದ ಹತ್ತಿರ ಹೋಗಿ ರೋಗಿಯ ಕೈ ಹಿಡಿದುಕೊಳ್ಳುತ್ತಿದ್ದರು. ನಾನು ಅದನ್ನು ಬರೀ ಸೌಜನ್ಯ ಅಂದುಕೊಂಡಿದ್ದೆ. ಒಂದು ದಿನ ಕೇಳಿದಾಗ ಹೇಳಿದರು: "ಕೈ ಬೆಚ್ಚಗಿದೆಯಾ, ತಣ್ಣಗಿದೆಯಾ, ಬೆವರಿದೆಯಾ, ನಿನ್ನೆ ಹಿಡಿದಷ್ಟೇ ಗಟ್ಟಿಯಾಗಿ ಹಿಡೀತಾರಾ, ನನ್ನ ಮುಖ ನೋಡ್ತಾರಾ ಇಲ್ವಾ. ಇಷ್ಟೂ ಗೊತ್ತಾಗುತ್ತೆ. ಅವ್ರಿಗೂ ಖುಷಿ. ಬಿಪಿ ಮೆಷಿನ್ ಆಮೇಲೆ ಬರ್ಲಿ ಬಿಡು." ಅವರಿಗೆ ಮೆಷಿನ್ನಿನ ಮೇಲೆ ಅನುಮಾನವೇನಿರಲಿಲ್ಲ. ಮೆಷಿನ್ ಹೇಳಿದ್ದನ್ನೂ ಕೈಗೆ ತಿಳಿದದ್ದನ್ನೂ ಒಟ್ಟಿಗೆ ಇಟ್ಟು ನೋಡುವುದು ಅವರ ಅಭ್ಯಾಸ.

ನಾನು ಸೇರಿದ ಕೆಲವು ತಿಂಗಳಿಗೆ ಹುಳಿಮಾವಿನ ಕಡೆಯ ಒಬ್ಬ ತಾತ ನಮ್ಮ ವಾರ್ಡಿಗೆ ಬಂದರು. ಹಿಂದೆ ಅವರದು ಹೊಲ, ತೋಟ ಇದ್ದ ಮನೆತನ. ಹೊಲ ಇದ್ದ ಕಡೆ ಈಗ ಬಾಡಿಗೆ ಮನೆಗಳ ಸಾಲು ಎದ್ದಿದೆ. ಸಂಪಿನ ಹತ್ತಿರ ನೀರಿನ ಮೇಲೆ ಕಾಲಿಟ್ಟು ಜಾರಿ ಬಿದ್ದು, ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಎತ್ತರದ ಆಳು, ಅಗಲ ಹೆಗಲು, ಆದರೆ ಮಾತು ಬಹಳ ಮೆದು. ಇಂಜೆಕ್ಷನ್ ಕೊಡಲು ಹೋದರೆ, "ಊಟ ಆಯ್ತೇನವ್ವಾ?" ಎಂದು ಕೇಳಿಯೇ ತೋಳು ಮುಂದೆ ಮಾಡುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಕೂತಿರುತ್ತಿದ್ದರು. ಮಗ ಬನ್ನೇರುಘಟ್ಟ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಅಂಗಡಿ ತೆರೆಯುವ ಮುಂಚೆ ಒಮ್ಮೆ ಬಂದು ಹೋಗುತ್ತಿದ್ದ.

ಆಪರೇಷನ್ ಸಮಯದಲ್ಲಿ ಹಾಕಿದ್ದ ಮೂತ್ರದ ನಳಿಗೆ, ಅಂದರೆ ಕ್ಯಾಥೆಟರನ್ನು, ಒಂದು ಬೆಳಿಗ್ಗೆ ತೆಗೆದೆವು. ಮಾರನೆಯ ದಿನ ನಾನು ಡ್ಯೂಟಿಗೆ ಬಂದಾಗ ರಾತ್ರಿಯ ನರ್ಸ್ ಹೇಳಿದಳು: "ತಾತ ನಿದ್ದೆ ಮಾಡಿಲ್ಲ, ಏನೇನೋ ಬಡಬಡಿಸ್ತಿದ್ರು. ಸ್ವಲ್ಪ ನೋಡ್ಕೊ."

ನೋಡಲು ಹೋದರೆ ಅಲ್ಲಿ ಬೇರೆಯೇ ಮನುಷ್ಯ. ಕಣ್ಣು ಕೆಂಪಗೆ, ತುಟಿ ಒಣಗಿ, ಎರಡೂ ಕೈಯಲ್ಲಿ ಹೊದಿಕೆ ಕಿತ್ತು ಎಸೆಯುತ್ತಿದ್ದಾರೆ. "ಕೆರೆ ತುಂಬೋಗೈತೆ, ನೀರು ಬಿಡಕ್ಕೆ ತೂಬು ಎತ್ತ್ರೋ! ಏರಿ ಕಿತ್ಕೊಂಡ್ ಹೋಯ್ತದೆ! ಯಾರೂ ಇಲ್ವೇನ್ರೋ ಅಲ್ಲಿ?" ಎಂದು ಕೂಗು. ಆಪರೇಷನ್ ಆದ ಕಾಲನ್ನು ಮಂಚದಿಂದ ಕೆಳಗೆ ಇಳಿಸಲು ಹೊರಟಿದ್ದರು. ನಾನು ಓಡಿಹೋಗಿ ತಡೆದೆ. ಅವರ ಕೈ ಬೀಸಿ ಬಂದು ನನ್ನ ಕೆನ್ನೆಗೆ ಬಿತ್ತು. ಜೊತೆಗೆ ಒಂದು ಬೈಗುಳ. ನಮ್ಮ ಬೀದಿಯಲ್ಲಿ ಜಗಳ ಆಡುವವರ ಬಾಯಲ್ಲೂ ನಾನು ಅಂಥದ್ದು ಕೇಳಿರಲಿಲ್ಲ.

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಗ ಆಗ ತಾನೇ ಬಂದಿದ್ದ. ಫೋನ್ ಹಿಡಿದು ಅಪ್ಪನ ವಿಡಿಯೋ ತೆಗೆಯುತ್ತಿದ್ದ. "ಸಿಸ್ಟರ್, ಕೈ ಕಟ್ಟಿಬಿಡಿ ಪರವಾಗಿಲ್ಲ, ಇಲ್ಲಾಂದ್ರೆ ನಿದ್ದೆ ಇಂಜೆಕ್ಷನ್ ಕೊಡಿ," ಎಂದ. ಪಕ್ಕದ ಮಂಚದವರು, "ವಯಸ್ಸಾಯ್ತಲ್ಲ, ಅರಳುಮರಳು," ಎಂದರು. ನನಗೂ ಕೈ ಕಟ್ಟುವುದೇ ಸರಿ ಎನಿಸಿತು. ಕಾಲು ಕೆಳಗಿಟ್ಟು ಮತ್ತೆ ಬಿದ್ದರೆ ಏನು ಗತಿ?

ಅಷ್ಟರಲ್ಲಿ ಇನ್‌ಚಾರ್ಜ್ ಸಿಸ್ಟರ್ ಬಂದರು. ಓಡಿ ಬಂದಿದ್ದರು, ಆದರೆ ಮಂಚದ ಹತ್ತಿರ ಬರುವಾಗ ನಡಿಗೆ ನಿಧಾನವಾಯಿತು. ಮೊದಲು ನನ್ನ ಕೆನ್ನೆ ನೋಡಿದರು. "ಹೋಗಿ ಮುಖ ತೊಳ್ಕೊಂಡು ಬಾ. ಬಂದ್ಮೇಲೆ ಕೆಲಸ ಇದೆ." ನಾನು ಹೋಗಲಿಲ್ಲ, ಅಲ್ಲೇ ಗೋಡೆಗೆ ಒರಗಿ ನಿಂತೆ.

"ಎಲ್ಲಾರೂ ಒಟ್ಟಿಗೆ ಮಾತಾಡ್ಬೇಡಿ. ನಾನೊಬ್ಳೇ ಮಾತಾಡ್ತೀನಿ," ಎಂದರು. ಮಗನ ಕಡೆ ತಿರುಗಿ, "ಫೋನ್ ಒಳಗಿಡಿ ಸಾರ್."

"ತಮ್ಮನಿಗೆ ತೋರ್ಸೋಕೆ ಸಿಸ್ಟರ್. ಅವ್ನು ನಂಬಲ್ಲ."

"ನಾಳೆ ಅಪ್ಪ ಸರಿಹೋದ್ಮೇಲೆ ಅವ್ರೇ ಅದನ್ನ ನೋಡಿದ್ರೆ? ಡಾಕ್ಟ್ರಿಗೆ ಏನ್ ಹೇಳ್ಬೇಕೋ ನಾನು ಹೇಳ್ತೀನಿ. ಡಿಲೀಟ್ ಮಾಡಿ."

ಮಗ ಅವರೆದುರಿಗೇ ವಿಡಿಯೋ ತೆಗೆದುಹಾಕಿದ.

ಸಿಸ್ಟರ್ ಮಂಚವನ್ನು ಪೂರ್ತಿ ತಗ್ಗಿಸಿದರು. ಟೇಬಲ್ ಮೇಲಿದ್ದ ತಾತನ ಕನ್ನಡಕ ಒರೆಸಿ ಹಾಕಿದರು. ಕಿಟಕಿಯ ಪರದೆ ಸರಿಸಿದರು. "ತಾತ, ನಾನು ಸಿಸ್ಟರು. ಇದು ಆಸ್ಪತ್ರೆ. ನಿಮ್ಮ ಮನೆಯವ್ರು ಇಲ್ಲೇ ಇದಾರೆ ನೋಡಿ," ಎಂದು ಅದೇ ಮಾತನ್ನು ಮತ್ತೆ ಮತ್ತೆ, ಒಂದೇ ದನಿಯಲ್ಲಿ ಹೇಳಿದರು. ತಾತನ ಕೂಗು ನಿಲ್ಲಲಿಲ್ಲ, ಆದರೆ ಕಾಲು ಇಳಿಸುವುದನ್ನು ಬಿಟ್ಟರು. ಆ ಮಧ್ಯೆಯೇ ಸಿಸ್ಟರ್ ನನ್ನಿಂದ ತಾತನ ಸಕ್ಕರೆ ಪರೀಕ್ಷೆ ಮಾಡಿಸಿದರು, ಆಮ್ಲಜನಕ, ಬಿಪಿ, ಜ್ವರ ನೋಡಿಸಿದರು. ಗಾಯದ ಪಟ್ಟಿ ಎತ್ತಿ ನೋಡಿದರು. ನಾಡಿ ಬಡಿತ ಜೋರಾಗಿತ್ತು, ಬಿಪಿ ಸ್ವಲ್ಪ ಏರಿತ್ತು. ಉಳಿದದ್ದು ಸರಿಯಾಗೇ ಇತ್ತು.

"ಇದು ಅರಳುಮರಳಲ್ಲ," ಎಂದರು ಅಜ್ಜಿಗೆ. "ನಿನ್ನೆ ಸಾಯಂಕಾಲ ನನ್ನ ಜೊತೆ ಕೆರೆ ಮೀನಿನ ವಿಷಯ ಚೆನ್ನಾಗಿ ಮಾತಾಡಿದಾರೆ. ಒಂದೇ ರಾತ್ರೀಲಿ ಹೀಗಾಗಿದೆ ಅಂದ್ರೆ ಒಳಗೆ ಏನೋ ಕಾಟ ಕೊಡ್ತಿದೆ. ಅಮ್ಮಾ, ಒಂದಕ್ಕೆ ಹೋಗ್ತಾ ಇದಾರಾ?"

"ಹೋಯ್ತಾ ಅವ್ರೆ ಕಣವ್ವ. ಗಳಿಗೆಗೊಂದ್ಸಲ. ಒಂದೊಂದ್ ಚೂರು."

ಸಿಸ್ಟರ್ ತಲೆ ಎತ್ತಿದರು. "ಒಂದೊಂದು ಚೂರಾ?"

"ಹೂಂ. ಬಟ್ಟೇನೂ ನೆನೆದೈತೆ."

ಮೂತ್ರ ಹೋಗುತ್ತಿದೆ ಎಂದು ರಾತ್ರಿಯ ನರ್ಸೂ ಚಾರ್ಟಿನಲ್ಲಿ ಬರೆದಿದ್ದಳು. ಸುಳ್ಳೇನಲ್ಲ. ಹೋಗುತ್ತಲೇ ಇತ್ತು. ಸಿಸ್ಟರ್ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಂಚದ ಸುತ್ತಲಿನ ಪರದೆ ಎಳೆದು, ತಾತನ ಕೆಳಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ಬೆರಳಿನಿಂದ ತಟ್ಟಿದರು. ನನ್ನನ್ನು ಕರೆದು ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಹೊಕ್ಕಳಿನ ಹತ್ತಿರದವರೆಗೂ ದುಂಡಗೆ, ಬಿಗಿಯಾಗಿ, ಊದಿದ ಚೆಂಡಿನ ಹಾಗೆ ಮೂತ್ರಕೋಶ ಸಿಕ್ಕಿತು. ಒತ್ತಿದ್ದೇ ತಾತ ನರಳಿದರು.

"ತುಂಬಿ ತುಳುಕ್ತಿದೆ. ತುಳುಕಿದ್ದು ಮಾತ್ರ ಆಚೆ ಬರ್ತಿದೆ," ಎಂದರು ನನಗೆ. "ಹೋಗ್ತಿದೆಯಾ ಅಂತ ಕೇಳಿದ್ರೆ ಸಾಲ್ದು. ಖಾಲಿ ಆಗ್ತಿದೆಯಾ ಅಂತ ನೋಡ್ಬೇಕು."

ಡಾಕ್ಟರಿಗೆ ಫೋನ್ ಮಾಡಿದಾಗ ಸಿಸ್ಟರ್ ಆಡಿದ್ದು ಐದೇ ಮಾತು. ರೋಗಿ ಯಾರು, ನಿನ್ನೆ ಹೇಗಿದ್ದರು, ಈಗ ಹೇಗಿದ್ದಾರೆ, ಹೊಟ್ಟೆಯಲ್ಲಿ ಏನು ಸಿಕ್ಕಿದೆ, ಏನು ಬೇಕು. "ಬೇಗ ಬನ್ನಿ" ಎಂದು ಗಾಬರಿಯೂ ಇಲ್ಲ, "ಏನೋ ಸರಿಯಿಲ್ಲ ಅನ್ಸುತ್ತೆ" ಎಂಬ ಎಳೆದಾಟವೂ ಇಲ್ಲ. ಡಾಕ್ಟರು ಚಿಕ್ಕ ವಯಸ್ಸಿನವರು, ಕೂಡಲೇ ಬಂದರು, ಹೊಟ್ಟೆ ಮುಟ್ಟಿ ನೋಡಿದರು. "ಹೌದು ಸಿಸ್ಟರ್. ಕ್ಯಾಥೆಟರ್ ಹಾಕ್ಬಿಡೋಣ," ಎಂದು ಅವರೇ ಗ್ಲೌಸ್ ಹಾಕಿಕೊಂಡರು. ಆ ಡಾಕ್ಟರು ಒಮ್ಮೆ ಕಾಫಿ ಕುಡಿಯುತ್ತಾ ನನಗೆ ಹೇಳಿದ್ದು ನೆನಪಿದೆ: "ಅವ್ರು ಫೋನ್ ಮಾಡಿದ್ರೆ ನಾನು ಮೊದ್ಲು ಹೊರಡ್ತೀನಿ. ಯಾಕೆ ಅಂತ ದಾರೀಲಿ ಕೇಳ್ತೀನಿ."

ನಳಿಗೆ ಒಳಗೆ ಹೋಗುತ್ತಿದ್ದಂತೆ ಚೀಲ ತುಂಬುತ್ತಾ ಹೋಯಿತು. ತಾತನ ಹಣೆಯ ಗಂಟು ಸಡಿಲವಾಯಿತು. ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿಕೊಂಡಿತು. "ಅಬ್ಬಾ" ಎಂದರು. ಆಮೇಲೆ ಕಣ್ಣು ಮುಚ್ಚಿದರು. ಅಜ್ಜಿ ಗಾಬರಿಯಿಂದ ಅವರ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. "ನಿದ್ದೆ ಅಮ್ಮಾ," ಎಂದರು ಸಿಸ್ಟರ್. ಆದರೂ ತಾವೇ ಅಲ್ಲಿ ನಿಂತು ಮತ್ತೆ ಮತ್ತೆ ಬಿಪಿ ನೋಡಿದರು.

ಮಗನಿಗೆ ಸಮಾಧಾನವಾಗಿತ್ತು. "ಅಂತೂ ಸರಿಹೋಯ್ತಲ್ಲ ಸಿಸ್ಟರ್!"

"ಇವತ್ತೇ ಪೂರ್ತಿ ಸರಿಹೋಗ್ತಾರೆ ಅಂತ ನಾನು ಹೇಳಲ್ಲ ಸಾರ್. ತಲೆ ತಿಳಿಯಾಗೋಕೆ ಇನ್ನೂ ಟೈಮ್ ಬೇಕಾಗ್ಬೋದು. ಸಾಯಂಕಾಲ ಮತ್ತೆ ಏನಾದ್ರೂ ಮಾತಾಡಿದ್ರೆ ಹೆದರ್ಬೇಡಿ, ವಾದ ಮಾಡ್ಬೇಡಿ. ಅಮ್ಮ ಹತ್ರ ಇರ್ಲಿ, ಬೇರೆ ನೆಂಟರು ಇವತ್ತು ಬೇಡ."

ಒಂದು ಕಾರಣ ಸಿಕ್ಕಿತೆಂದು ಅವರು ಅಲ್ಲಿಗೇ ಬಿಡಲಿಲ್ಲ. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಲು ಡಾಕ್ಟರನ್ನು ಕೇಳಿದರು. ಎರಡಕ್ಕೆ ಯಾವಾಗ ಹೋಗಿದ್ದು ಎಂದು ಅಜ್ಜಿಯನ್ನು ವಿಚಾರಿಸಿದರು. ಆಪರೇಷನ್ ಆದ ಮೇಲೆ ಹೋಗೇ ಇಲ್ಲವೆಂದು ಗೊತ್ತಾದಾಗ ಅದಕ್ಕೂ ಔಷಧ ಬರೆಸಿದರು. ನೋವಿನ ಮಾತ್ರೆಯಲ್ಲಿ ಮಂಪರು ತರುವಂಥದ್ದೊಂದಿತ್ತು, ಅದನ್ನು ಬದಲಾಯಿಸಬಹುದೇ ಎಂದರು. ಡಾಕ್ಟರು ಬದಲಾಯಿಸಿದರು. ಸಿಸ್ಟರ್ ಹೇಳಿದಂತೆಯೇ ಸಂಜೆ ತಾತ ಇನ್ನೊಮ್ಮೆ ಗೊಂದಲಕ್ಕೆ ಬಿದ್ದು, ಹೆಂಡತಿಯನ್ನು ತಮ್ಮ ಅಕ್ಕ ಎಂದುಕೊಂಡು ಮಾತಾಡಿಸಿದರು. ಅಜ್ಜಿ ವಾದ ಮಾಡದೆ "ಹೂಂ, ಇಲ್ಲೇ ಇವ್ನಿ," ಎಂದು ಕೈ ಸವರುತ್ತಾ ಕೂತರು. ಯಾರೂ ತಾತನ ಕೈ ಕಟ್ಟಬೇಕಾಗಿ ಬರಲಿಲ್ಲ.

ಅದಕ್ಕೂ ಮುಂಚೆ, ಆ ದಿನ ಮಧ್ಯಾಹ್ನ, ಊಟದ ಕೋಣೆಯಲ್ಲಿ ನಾನು ಉತ್ಸಾಹದಿಂದ ಕೇಳಿದೆ: "ಮೇಡಂ, ತಾತ ಕೆರೆ ತುಂಬಿದೆ, ತೂಬು ಎತ್ತಿ ಅಂತಿದ್ರಲ್ಲ, ಅದ್ರಿಂದಾನೇ ನಿಮಗೆ ಗೊತ್ತಾಯ್ತಾ?"

ಅವರು ಮೊಸರನ್ನ ಬಿಟ್ಟು ನಕ್ಕುಬಿಟ್ಟರು. "ಅಯ್ಯೋ, ನಂಗೆಲ್ಲಿ ಹೊಳೀತು ಅದು! ನೀನು ಈಗ ಹೇಳಿದ್ಮೇಲೇ ಗೊತ್ತಾಗಿದ್ದು. ಅವ್ರು ಸಿನಿಮಾ ಡೈಲಾಗ್ ಹೊಡೀತಿದ್ರೂ ನಾನು ಹೊಟ್ಟೆ ಮುಟ್ಟೇ ನೋಡ್ತಿದ್ದೆ. ನಿನ್ನೆ ಕ್ಯಾಥೆಟರ್ ತೆಗೆದಿದೀವಿ, ಗಂಡಸು, ವಯಸ್ಸಾಗಿದೆ, ಮಲಗೇ ಇದಾರೆ. ಎಲ್ಲಕ್ಕಿಂತ ಮೊದ್ಲು ಅದೇ ನೋಡ್ಬೇಕು." ಆಮೇಲೆ ಕೇಳಿದರು, "ಕೆನ್ನೆ ಉರೀತಿದೆಯಾ ಇನ್ನೂ?"

"ಇಲ್ಲ ಮೇಡಂ."

"ಮನಸ್ಸು?"

ನಾನು ಅನ್ನ ಕಲಸತೊಡಗಿದೆ. ಅವರು ತಮ್ಮ ಡಬ್ಬಿಯಿಂದ ಉಪ್ಪಿನಕಾಯಿ ನನ್ನ ತಟ್ಟೆಗೆ ಹಾಕಿದರು.

ಮಾರನೆಯ ಬೆಳಿಗ್ಗೆ ತಾತನ ಕಣ್ಣು ತಿಳಿಯಾಗಿತ್ತು. ಆದರೆ "ಊಟ ಆಯ್ತೇನವ್ವಾ" ಎಂದು ನನ್ನನ್ನು ಕೇಳಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದರು. ಇನ್‌ಚಾರ್ಜ್ ಸಿಸ್ಟರ್ ಬಗ್ಗಿ ಕೈ ಹಿಡಿದುಕೊಂಡಾಗ ತಗ್ಗಿದ ದನಿಯಲ್ಲಿ ಕೇಳಿದರು: "ಸಿಸ್ಟರಮ್ಮಾ, ನಾನು ಯಾರ್ಗಾದ್ರೂ ಕೈ ಮಾಡಿದ್ನಾ? ಕನಸೋ ನಿಜ್ವೋ ತಿಳೀತಾ ಇಲ್ಲ."

ಇಲ್ಲ ಎಂದುಬಿಡುತ್ತಾರೆ ಎಂದುಕೊಂಡೆ. ಅವರು ಹಾಗೆನ್ನಲಿಲ್ಲ.

"ಕೈ ಬೀಸಿದ್ರಿ ತಾತ. ಈ ಹುಡುಗಿಗೆ ತಾಗ್ತು. ಆದ್ರೆ ನಿಮ್ಮ ಮೈ ಅಷ್ಟು ಸಂಕಟದಲ್ಲಿತ್ತು. ಆ ಸಂಕಟಕ್ಕೆ ಸನ್ನಿ ಹಿಡಿದಂಗಾಗಿತ್ತು. ಅಂಥದ್ರಲ್ಲಿ ಯಾರಾಗಿದ್ರೂ ಹಂಗೇ ಮಾಡ್ತಿದ್ರು. ನಾವ್ಯಾರೂ ಅದನ್ನ ನಿಮ್ಮ ಲೆಕ್ಕಕ್ಕೆ ಹಾಕಿಲ್ಲ."

ತಾತ ನನ್ನ ಕಡೆ ತಿರುಗಿ ಎರಡೂ ಕೈ ಮುಗಿಯಲು ಹೊರಟರು. ನಾನು ಆ ಕೈಗಳನ್ನು ಹಿಡಿದುಕೊಂಡೆ. ಬೆಚ್ಚಗಿದ್ದವು, ಒಣಗಿದ್ದವು, ಹಿಡಿತ ಗಟ್ಟಿಯಾಗಿತ್ತು. ಹಿಂದಿನ ದಿನದಿಂದ ನನ್ನೊಳಗೆ ಕೂತಿದ್ದ ನೋವು ಆಗ ಹೋಯಿತು. "ತಾತ, ಬನ್ನಿ, ವಾಕರ್ ಹಿಡ್ಕೊಂಡು ನಿಲ್ಲೋಣ. ಫಿಸಿಯೋ ಮೇಡಂ ಕಾಯ್ತಿದಾರೆ," ಎಂದೆ. ಅವರು ನಿಂತರು.

ಮೂತ್ರದ ಡಾಕ್ಟರು ಬಂದು ನೋಡಿ ಮಾತ್ರೆ ಬರೆದರು. ಪ್ರಾಸ್ಟೇಟ್ ಗ್ರಂಥಿ ಊದಿದೆ ಎಂದರು. ಎರಡನೆಯ ಸಲ ಕ್ಯಾಥೆಟರ್ ತೆಗೆದ ದಿನ ಸಿಸ್ಟರ್ ನಮ್ಮೆಲ್ಲರಿಗೂ ಹೇಳಿಟ್ಟಿದ್ದರು: ಪ್ರತಿ ಸಲ ಎಷ್ಟು ಹೋಯಿತೆಂದು ನೋಡಿ, ಹೊಟ್ಟೆ ಮುಟ್ಟಿ ನೋಡಿ. ಅಜ್ಜಿಗೂ ಎಲ್ಲಿ ಮುಟ್ಟಬೇಕೆಂದು ತೋರಿಸಿಕೊಟ್ಟರು. ಈ ಸಲ ತೊಂದರೆಯಾಗಲಿಲ್ಲ. ತಾತ ವಾಕರ್ ಹಿಡಿದು ಲಿಫ್ಟಿನವರೆಗೂ ತಾವೇ ನಡೆದು ಮನೆಗೆ ಹೋದರು.

ಆಮೇಲೆ ಒಮ್ಮೆ ಡಾಕ್ಟರಿಗೆ ತೋರಿಸಲು ಬಂದವರು ಕೋಲೂರಿಕೊಂಡು ನಮ್ಮ ವಾರ್ಡಿನ ಬಾಗಿಲಿಗೂ ಬಂದರು. ಇನ್‌ಚಾರ್ಜ್ ಸಿಸ್ಟರನ್ನು ಮಾತಾಡಿಸಬೇಕಿತ್ತು. ಅವರು ಆ ತುದಿಯ ಮಂಚದಲ್ಲಿ, ಆಪರೇಷನ್ನಿಗೆ ಹೆದರಿ ಅಳುತ್ತಿದ್ದ ಒಬ್ಬ ಹೆಂಗಸಿನ ಪಕ್ಕ ಮಂಡಿ ನೋವನ್ನೂ ಮರೆತು ಬಗ್ಗಿ ನಿಂತಿದ್ದರು. ನಾನು ಕರೆಯಲು ಹೊರಟೆ. ತಾತ ನನ್ನ ತೋಳು ಹಿಡಿದು ತಡೆದರು.

"ಬ್ಯಾಡ ಕಣವ್ವ. ಆಯಮ್ಮನ್ ಜೊತೆ ಮಾತಾಡ್ಲಿ."

ಬಹಳ ಹೊತ್ತು ಅಲ್ಲೇ ನಿಂತು ನೋಡಿದರು. ಆಮೇಲೆ ಮಗ ಕರೆದ. ತಾತ ಕೋಲು ಸರಿಮಾಡಿಕೊಂಡು, ನನಗೊಮ್ಮೆ ತಲೆಯಾಡಿಸಿ, ನಿಧಾನವಾಗಿ ಹೊರಟರು.